ಜಲಪಾತಕ್ಕೆ ಹೊರಡುವ ಮುಂಚೆ ಕಲ್ಲು ನೋಡಿ: ಚಿಂಚೋಳಿ, ಗುರುಮಠಕಲ್, ಬೀದರ್, ಯಾಣ – ಯಾರಿಗೆ ಯಾವುದು?

ಶ್ರಾವಣ ಹತ್ತಿರ ಬಂತೆಂದರೆ ಕಲಬುರಗಿಯ ಮನೆಮನೆಯಲ್ಲಿ ಒಂದೇ ಮಾತು: ಈ ಸಲ ನೀರು ನೋಡಲು ಎಲ್ಲಿಗೆ? ಯಾರೋ ಮೊಬೈಲಿನಲ್ಲಿ ಕಳಿಸಿದ ವಿಡಿಯೊ ನೋಡಿ, ಕ್ರೂಸರ್ ಬಾಡಿಗೆಗೆ ಹಿಡಿದು, ಬುತ್ತಿ ಕಟ್ಟಿಕೊಂಡು ಹೊರಟವರು ಅಲ್ಲಿ ಹೋಗಿ ನೋಡಿದರೆ ಬಂಡೆಯ ಮೇಲೆ ಬರೀ ತೇವ. ಅದೇ ಜಾಗಕ್ಕೆ ಮರುವಾರ ಹೋದವರು ಹಳ್ಳ ಏರಿ ಆಚೆ ದಡದಲ್ಲೇ ಸಂಜೆ ತನಕ ಸಿಕ್ಕಿಬೀಳುತ್ತಾರೆ. ಇಬ್ಬರೂ ದೂರುವುದು ಮಳೆಯನ್ನೇ. ಆದರೆ ಮಳೆಯಷ್ಟೇ ಮಾತು ನಡೆಯುವುದು ಕಲ್ಲಿನದೂ.

ಜಲಪಾತ ಎಷ್ಟು ಎತ್ತರ, ಫೋಟೊದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಆಮೇಲೆ ವಿಚಾರಿಸಿ. ಅದು ಯಾವ ಕಲ್ಲಿನ ಮೇಲಿಂದ ಬೀಳುತ್ತದೆ ಎಂಬುದನ್ನು ಮೊದಲು ಕೇಳಿ. ಮಳೆ ನಿಂತ ಮೇಲೆ ನೀರು ಎಷ್ಟು ದಿನ ಇರುತ್ತದೆ, ಹಳ್ಳ ಎಷ್ಟು ಬೇಗ ಏರುತ್ತದೆ, ನಾವು ನಿಂತ ಅಂಚು ನಮ್ಮ ಭಾರ ತಡೆಯುತ್ತದೋ ಇಲ್ಲವೋ, ಮಕ್ಕಳು ಮುದುಕರನ್ನು ಕರೆದೊಯ್ಯಬಹುದೋ ಬಾರದೋ, ಇವೆಲ್ಲ ಕಲ್ಲಿನ ಮೇಲೆ ನಿಂತ ಸಂಗತಿಗಳು. ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಕರಿಗಲ್ಲು, ಜಂಬಿಟ್ಟಿಗೆ, ಸುಣ್ಣಗಲ್ಲು ಮೂರೂ ಇವೆ. ಸುಣ್ಣಗಲ್ಲಿನ ಕಾಡು, ಅದರೊಳಗಿನ ಜಲಪಾತ ನೋಡಲೇಬೇಕು ಎನ್ನುವವರು ಮಾತ್ರ ಉತ್ತರ ಕನ್ನಡದವರೆಗೆ ಹೋಗಬೇಕು. ಹಾಗಾಗಿ ಯಾಣವನ್ನೂ ಈ ಹೋಲಿಕೆಯಲ್ಲಿ ಸೇರಿಸಿದ್ದೇನೆ.

ಮೂರು ಕಲ್ಲು, ಮೂರು ಗುಣ

ಕರಿಗಲ್ಲು ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಮೇಲೆ ಪದರಾಗಿ ಹರಿದು ಗಟ್ಟಿಯಾಗಿದ್ದು. ನಮ್ಮ ಎರೆಹೊಲ ಹುಟ್ಟಿದ್ದೇ ಈ ಕಲ್ಲು ಸವೆದು. ಒಂದು ಪದರು ಗಟ್ಟಿ, ಇನ್ನೊಂದು ಮೆತ್ತಗೆ ಇರುವುದರಿಂದ ಹಳ್ಳ ಇಂಥ ಕಡೆ ಮೆಟ್ಟಿಲು ಇಳಿದಂತೆ ಇಳಿಯುತ್ತದೆ, ಜಲಪಾತ ತಾನಾಗಿಯೇ ಆಗುತ್ತದೆ. ಆದರೆ ಈ ಕಲ್ಲಿನೊಳಗೆ ನೀರು ಇಂಗುವುದು ಕಡಿಮೆ. ಮೇಲೆ ಬಿದ್ದ ಮಳೆ ನೇರ ಹಳ್ಳಕ್ಕೆ ಬರುತ್ತದೆ, ಬಂದಷ್ಟೇ ಬೇಗ ಹೋಗಿಯೂ ಬಿಡುತ್ತದೆ.

ಜಂಬಿಟ್ಟಿಗೆಯದು ಬೇರೆಯೇ ಸ್ವಭಾವ. ಬೀದರ್ ಕೋಟೆ ನಿಂತಿರುವುದು ಈ ಕೆಂಪು ಕಲ್ಲಿನ ಮೇಲೆ. ಚಿಂಚೋಳಿ ತಾಲೂಕಿನ ಕುಂಚಾವರಂ ಗುಡ್ಡಗಳ ನೆತ್ತಿಯಲ್ಲೂ ಇದೇ ಇದೆ. ಮೈತುಂಬ ತೂತು. ಮಳೆ ನೀರು ಆ ತೂತುಗಳಲ್ಲಿ ಇಳಿದು, ಅಡಿಯಲ್ಲಿರುವ ಜೇಡಿ ಪದರು ಅಥವಾ ಕರಿಗಲ್ಲು ತಾಗಿದ ಮೇಲೆ ಮುಂದೆ ಇಳಿಯಲಾಗದೆ ಅಡ್ಡಕ್ಕೆ ಹರಿದು, ಗುಡ್ಡದ ಮಗ್ಗುಲಲ್ಲಿ ಒರತೆಯಾಗಿ ಹೊರಬರುತ್ತದೆ. ಹಾಗಾಗಿ ಮಳೆ ನಿಂತು ಎಷ್ಟೋ ದಿನವಾದರೂ ಸಣ್ಣಗೆ ಜಿನುಗುತ್ತಲೇ ಇರುತ್ತದೆ. ಅಪಾಯ ಇರುವುದು ಅಂಚಿನಲ್ಲಿ. ಮೇಲಿನ ಹೊದಿಕೆ ಗಟ್ಟಿ, ಕೆಳಗಿನ ಮಣ್ಣು ಮೆತ್ತಗೆ. ಕೆಳಗಿನದು ಕೊಚ್ಚಿಹೋಗಿ ಮೇಲಿನದು ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಮೇಲಿಂದ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಇನ್ನು ಸುಣ್ಣಗಲ್ಲು. ಮಳೆ ನೀರು ಗಾಳಿಯಿಂದ ಅಷ್ಟಿಷ್ಟು, ಕೊಳೆತ ಎಲೆ ಮತ್ತು ಬೇರುಗಳಿರುವ ಮಣ್ಣಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಈ ಹುಳಿ ನೀರು ಸುಣ್ಣಗಲ್ಲನ್ನು ಕರಗಿಸುತ್ತದೆ. ಕೂದಲೆಳೆಯಷ್ಟಿದ್ದ ಬಿರುಕು ಸಾವಿರಾರು ವರ್ಷಗಳಲ್ಲಿ ಕಾಲುವೆಯಾಗುತ್ತದೆ, ಕಾಲುವೆ ಗವಿಯಾಗುತ್ತದೆ. ಹರಿಯುವ ಹಳ್ಳ ಒಂದು ಕಡೆ ನೆಲದೊಳಗೆ ಮಾಯವಾಗಿ ಇನ್ನೊಂದು ಕಡೆ ಬುಗ್ಗೆಯಾಗಿ ಏಳುವುದೂ ಇದೆ. ಇಂಥ ನೆಲಕ್ಕೆ ಭೂವಿಜ್ಞಾನದಲ್ಲಿ ಕಾರ್ಸ್ಟ್ ಎನ್ನುತ್ತಾರೆ.

ಇಷ್ಟು ಹೇಳಿದ ಕೂಡಲೇ ನಮ್ಮವರು ಕೇಳುವ ಪ್ರಶ್ನೆ ಒಂದಿದೆ: ಶಹಾಬಾದ್ ಕಲ್ಲೂ ಸುಣ್ಣಗಲ್ಲೇ ತಾನೆ, ಹಾಗಾದರೆ ನಮ್ಮಲ್ಲೇಕೆ ಯಾಣ ಇಲ್ಲ? ಒಳ್ಳೆಯ ಪ್ರಶ್ನೆ. ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಪಟ್ಟಿಯಲ್ಲಿ ನೆಲದಡಿಯೆಲ್ಲ ಸುಣ್ಣಗಲ್ಲೇ. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಇದೇ ಕಲ್ಲಿಗಾಗಿ. ನಮ್ಮ ಮನೆಗಳಿಗೆ ಹಾಸಿದ ಫರ್ಸಿ ಅಲ್ಲಿಂದಲೇ ಬಂದದ್ದು. ಆದರೆ ಆ ಕಲ್ಲು ಮಲಗಿದೆ. ಹಾಳೆ ಮೇಲೆ ಹಾಳೆ ಇಟ್ಟಂತೆ ಮಟ್ಟಸವಾಗಿ, ಬಯಲಿನ ಕೆಳಗೆ, ಎರೆಮಣ್ಣಿನ ಹೊದಿಕೆಯೊಳಗೆ ಇದೆ. ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ, ಮೇಲೆ ಕಾಡಿಲ್ಲ, ಇಳಿಜಾರೂ ಇಲ್ಲ. ಯಾಣದ ಸೀಮೆಯಲ್ಲಿ ಮಳೆ ಇದರ ನಾಲ್ಕು ಪಟ್ಟು, ದಟ್ಟ ಕಾಡು, ಕಡಿದಾದ ಘಟ್ಟ. ಕಲ್ಲಿನ ಜಾತಿ ಒಂದೇ ಇದ್ದರೂ ಅದರ ಮೇಲೆ ನೀರು ಮಾಡಿದ ಕೆಲಸದಲ್ಲಿ ಅಷ್ಟು ವ್ಯತ್ಯಾಸ. ಮಳಖೇಡದಲ್ಲಿ ಕಾಗಿಣಾ ಹೊಳೆಗೆ ಇಳಿದು ನೋಡಿ, ದಂಡೆಯಲ್ಲಿ ಆ ಹಾಳೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಕಲ್ಲು ಓದಲು ಕಲಿಯಬೇಕೆಂಬ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಜಲಪಾತಕ್ಕೆಂದು ಆ ಕಡೆ ಹೋಗಬೇಡಿ.

ಚಿಂಚೋಳಿ: ಹತ್ತಿರದ ಕಾಡು, ನಡೆಯುವವರ ಕಾಡು

ಕಲಬುರಗಿಯಿಂದ ಎಂಬತ್ತು ಚಿಲ್ಲರೆ ಕಿ.ಮೀ. ಬಸ್ಸು ಬೇಕಾದಷ್ಟಿವೆ, ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಚಿಂತೆಯೂ ಇಲ್ಲ. ಚಿಂಚೋಳಿಯಿಂದ ಮುಂದೆ ಚಂದ್ರಂಪಳ್ಳಿ ಜಲಾಶಯದ ಕಡೆಗೆ ಟಂಟಂ ಅಥವಾ ಸ್ವಂತ ಗಾಡಿ ಬೇಕು. ಬೈಕ್ ಇದ್ದರೆ ಎಲ್ಲಕ್ಕಿಂತ ಅನುಕೂಲ.

2011ರಲ್ಲಿ ಇಲ್ಲಿನ 134.88 ಚದರ ಕಿ.ಮೀ. ಕಾಡು ವನ್ಯಜೀವಿ ಧಾಮವಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಎಂದೇ ಇದನ್ನು ಕರೆಯುತ್ತಾರೆ. ತೇಗ, ಮುತ್ತುಗ, ಸೀತಾಫಲ, ಅಲ್ಲಲ್ಲಿ ಶ್ರೀಗಂಧ, ರಕ್ತಚಂದನ. ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ ಇವೆ. ಬೇಸಿಗೆಯಲ್ಲಿ ನೋಡಿದವರಿಗೆ ಇದು ಕಾಡು ಅನ್ನಿಸುವುದೇ ಇಲ್ಲ, ಬರೀ ಕಡ್ಡಿ. ಎರಡು ಮೂರು ಹದಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ ಹತ್ತು ಮಾರು ಮುಂದೆ ಹೋದವನು ಕಾಣುವುದಿಲ್ಲ.

ಇಲ್ಲಿನ ಹೆಸರಾಂತ ಜಲಪಾತ ಎತ್ತಿಪೋತ. ಕುಂಚಾವರಂ ಕಾಡಿನಲ್ಲಿ ಮಾಣಿಕಪುರದ ಕಡೆಗೂ ಇಂಥದೇ ಒಂದು ಇದೆ, ಮಂದಿ ಕಡಿಮೆ. ದಾರಿ ಹುಡುಕುವವರು ಒಂದನ್ನು ಗಮನಿಸಿ: ನಾಗಾರ್ಜುನ ಸಾಗರದ ಹತ್ತಿರವೂ ಹೆಚ್ಚುಕಡಿಮೆ ಇದೇ ಹೆಸರಿನ ಜಲಪಾತವಿದೆ. ಮೊಬೈಲ್ ಮ್ಯಾಪಿನಲ್ಲಿ ಬರೀ ಜಲಪಾತದ ಹೆಸರು ಹಾಕಿದರೆ ಅದು ನಿಮ್ಮನ್ನು ಆಂಧ್ರಕ್ಕೆ ಕಳಿಸಬಹುದು. ಚಂದ್ರಂಪಳ್ಳಿ ಎಂದು ಹಾಕಿಕೊಂಡು ಹೋಗಿ, ಅಲ್ಲಿಂದ ಮುಂದೆ ತಾಂಡಾದ ಮಂದಿಯನ್ನು ಕೇಳಿ. ಕನ್ನಡ, ತೆಲುಗು, ಲಂಬಾಣಿ, ದಖನಿ ಉರ್ದು, ಯಾವುದರಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಈ ಗುಡ್ಡಗಳ ವಿಶೇಷ ಏನೆಂದರೆ ಮೇಲೆ ಜಂಬಿಟ್ಟಿಗೆ, ಕೆಳಗೆ ಕರಿಗಲ್ಲು. ಮೇಲಿನ ಬಯಲಲ್ಲಿ ನಡೆಯುವಾಗ ಕಾಲಡಿ ನೋಡಿ. ಮುಷ್ಟಿಯಷ್ಟು ಅಗಲದ ತೂತುಗಳಲ್ಲಿ ನೀರು ನಿಂತಿರುತ್ತದೆ, ಅಂಚಿನಲ್ಲಿ ಹಸಿರು ಪಾಚಿ. ಕೂತು ನೋಡಿದರೆ ಒಳಗೆ ಗೊದಮೊಟ್ಟೆಗಳು ಓಡಾಡುತ್ತಿರುತ್ತವೆ. ಒಂದು ತೂತಿಗೆ ಕಡ್ಡಿ ಇಳಿಸಿದರೆ ಪಕ್ಕದ ತೂತಿನ ನೀರು ಅಲುಗುತ್ತದೆ. ಒಳಗೊಳಗೇ ಅವೆಲ್ಲ ಕೂಡಿಕೊಂಡಿವೆ. ಈ ಕೆಂಪು ನೆಲ ಬೂಟಿಗೆ ಅಂಟುವುದಿಲ್ಲ, ನಡಿಗೆ ಹಗುರ. ಕೆಳಗೆ ಹೊಲದ ದಾರಿಗೆ ಇಳಿದ ಮೇಲೆ ಎರೆಮಣ್ಣು ಹೆಜ್ಜೆಗೊಂದು ಪದರಿನಂತೆ ಅಂಟಿ ಎರಡು ಫರ್ಲಾಂಗಿನಲ್ಲಿ ಕಾಲುಗಳು ಒಂದೊಂದು ಸೇರಿನಷ್ಟು ಭಾರವಾಗುತ್ತವೆ. ಮಳೆ ಬಿದ್ದ ಮರುದಿನ ಹೊಲದ ನಡುವಿನ ಒಳದಾರಿ ಹಿಡಿಯಬೇಡಿ, ಎರಡು ಕಿ.ಮೀ. ಹೆಚ್ಚಾದರೂ ಮರಂ ಹಾಕಿದ ರಸ್ತೆಯಲ್ಲೇ ಹೋಗಿ.

ಯಾವಾಗ ಹೋಗಬೇಕು? ಇಲ್ಲಿ ಕ್ಯಾಲೆಂಡರಿಗಿಂತ ಮಳೆ ನಕ್ಷತ್ರದ ಲೆಕ್ಕ ವಾಸಿ. ಮಿರಗ, ಆರಿದ್ರಾದ ಮಳೆಯನ್ನು ಒಣಗಿದ ನೆಲ ಪೂರ್ತಿ ಕುಡಿದುಬಿಡುತ್ತದೆ, ಜಲಪಾತಕ್ಕೆ ಏನೂ ಉಳಿಯುವುದಿಲ್ಲ. ಮಘಾ, ಹುಬ್ಬಾ, ಉತ್ತರಾ, ಅಂದರೆ ಆಗಸ್ಟ್ ಮೂರನೇ ವಾರದಿಂದ ಸೆಪ್ಟೆಂಬರ್ ಕೊನೆ ತನಕ, ನೆಲ ತುಂಬಿರುತ್ತದೆ, ಬಿದ್ದ ಮಳೆ ಹಳ್ಳಕ್ಕೆ ಬರುತ್ತದೆ. ಒಂದು ಒಳ್ಳೆಯ ಮಳೆ ಆಗಿ ಒಂದು ದಿನ ಬಿಟ್ಟು ಹೋಗುವುದು ಎಲ್ಲಕ್ಕಿಂತ ಚೆಂದ. ನೀರು ಬೇಕಾದಷ್ಟಿರುತ್ತದೆ, ಕೆಂಪು ಇಳಿದು ತಿಳಿಯಾಗಿರುತ್ತದೆ.

ಆ ಬಣ್ಣವನ್ನು ಕಣ್ಣಿಟ್ಟು ನೋಡಬೇಕು. ಹಳ್ಳದ ಪಕ್ಕ ದನ ಕಾಯುತ್ತಿದ್ದ ತಾಂಡಾದ ಹಿರಿಯರೊಬ್ಬರು ಒಮ್ಮೆ ಹೇಳಿದ ಮಾತು ಯಾವ ಸೂಚನಾ ಫಲಕಕ್ಕಿಂತಲೂ ಉಪಯೋಗದ್ದು: “ತಮ್ಮಾ, ನೀರಾಗ ಎಲಿ ಕಡ್ಡಿ ತೇಲಿ ಬರಾಕ ಹತ್ತಿದ್ರ ಫೋಟೊ ಗೀಟೊ ಬಿಟ್ಟು ಮ್ಯಾಲ ಬಾ. ಮ್ಯಾಲಿನ ಗುಡ್ಡದಾಗ ಮಳಿ ಆಗ್ಯದ ಅಂತ ಅದು.” ಕರಿಗಲ್ಲಿನ ಹಳ್ಳದ ಗುಣವೇ ಅದು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾದರೆ ಅರ್ಧ ಗಂಟೆಯಲ್ಲಿ ಮೊಣಕಾಲಿನ ನೀರು ಸೊಂಟಕ್ಕೆ ಬರುತ್ತದೆ. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿ ಬಂದರೆ, ಸದ್ದು ಬದಲಾದರೆ, ವಾಪಸ್ ಹೋಗುವ ದಡ ಯಾವುದೋ ಆ ದಡಕ್ಕೆ ಕೂಡಲೇ ಬನ್ನಿ. ಸಾಮಾನು ಆ ಕಡೆ ಉಳಿದರೆ ಉಳಿಯಲಿ.

ವನ್ಯಜೀವಿ ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. 1972ರ ವನ್ಯಜೀವಿ ಕಾಯ್ದೆ ಹೇಳುವುದು ಅದನ್ನೇ. ಚಿಂಚೋಳಿಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು, ಆಗುವುದಾದರೆ ಇಲಾಖೆಯ ಒಬ್ಬ ಕಾವಲುಗಾರರನ್ನು ಜೊತೆಗೆ ಕರೆದುಕೊಂಡು ಹೋಗಿ. ದಾರಿಗಾಗಿ ಅವರು ಬೇಕೇ ಬೇಕು ಅಂತಲ್ಲ. ಯಾವ ಮರದಡಿ ಕತ್ತೆಕಿರುಬ ಹೆಜ್ಜೆ ಬಿಟ್ಟಿದೆ, ಯಾವ ಅಂಚು ಕಳೆದ ಮಳೆಗೆ ಬಿರುಕು ಬಿಟ್ಟಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಜಂಬಿಟ್ಟಿಗೆಯ ಅಂಚಿನಿಂದ ಕನಿಷ್ಠ ಎರಡು ಮಾರು ಹಿಂದೆಯೇ ನಿಲ್ಲಿ. ಜಲಪಾತ ನೋಡಲು ಮೇಲಿನ ಅಂಚಿಗಿಂತ ಕೆಳಗಿನ ಮಡುವಿನ ಬದಿಯೇ ಒಳ್ಳೆಯದು. ಅಲ್ಲೂ ಈಜಬೇಡಿ, ಬಿದ್ದ ಬಂಡೆಗಳು ನೀರಿನಡಿ ಎಲ್ಲೆಲ್ಲಿ ಕೂತಿವೆಯೋ ಕಾಣುವುದಿಲ್ಲ.

ಗುರುಮಠಕಲ್: ಮಗ್ಗುಲಲ್ಲೇ ಎರಡು, ಒಂದಕ್ಕೊಂದು ಸಂಬಂಧವಿಲ್ಲ

ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲೂಕಿನಲ್ಲಿ ಎರಡು ಜಾಗ ಹೆಸರಾಗಿವೆ. ಚಿಂತನಹಳ್ಳಿಯ ಗವಿ ಸಿದ್ಧಲಿಂಗೇಶ್ವರ ಒಂದು, ನಜರಾಪುರದ ಧಬಧಬಿ ಇನ್ನೊಂದು. ತಾಲೂಕು ಒಂದೇ ಆದರೂ ಎರಡಕ್ಕೂ ಹೋಗುವ ಮಂದಿಯೇ ಬೇರೆ.

ಚಿಂತನಹಳ್ಳಿಯಲ್ಲಿ ದೇವರು ಗವಿಯೊಳಗೆ, ನೀರು ಗವಿಯ ಬಾಯಿಯ ಮುಂದೆ. ಚಾಚಿದ ಬಂಡೆಯ ಚಾವಣಿ ಕೆಳಗೆ ನಿಂತು ಎದುರಿಗೆ ಬೀಳುವ ನೀರನ್ನು ಒಳಗಿನಿಂದ ನೋಡಬಹುದು. ಮೇಲಿನ ಪದರು ಗಟ್ಟಿ ಉಳಿದು ಕೆಳಗಿನದು ಸವೆದು ಹೋದಲ್ಲಿ ಇಂಥ ಗವಿ ಆಗುತ್ತದೆ. ಸುಣ್ಣಗಲ್ಲಿನ ಗವಿಯಂತೆ ಆಳಕ್ಕೆ ಹೋಗುವುದಿಲ್ಲ, ಅಡ್ಡಕ್ಕೆ ಅಗಲವಾಗಿ ನಿಲ್ಲುತ್ತದೆ. ಶ್ರಾವಣದಲ್ಲಿ ಸುತ್ತಲ ಊರಿನ ಮಂದಿ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ, ನೀರಿನ ಕೆಳಗೆ ತಲೆಕೊಟ್ಟು ಮೀಯುತ್ತಾರೆ, ದೇವರಿಗೆ ಕಾಯಿ ಒಡೆಯುತ್ತಾರೆ. ನಡಿಗೆ ಕಡಿಮೆ. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಬೇಕೆಂದಿದ್ದರೆ ಈ ಹೋಲಿಕೆಯಲ್ಲಿರುವ ಜಾಗಗಳಲ್ಲಿ ಇದೇ ಸರಿ. ಶ್ರಾವಣ ಸೋಮವಾರ ಬಿಟ್ಟು ಬೇರೆ ದಿನ ಹೋದರೆ ನಿಲ್ಲಲು ಜಾಗವೂ ಸಿಗುತ್ತದೆ.

ನಜರಾಪುರದ್ದು ಕಾಡಿನ ನಡಿಗೆ. ಕಲ್ಲುಗಳ ಮೇಲೆ ಕಾಲಿಡುತ್ತ ಇಳಿಯಬೇಕು, ತೆಲಂಗಾಣದ ಗಡಿ ಹತ್ತಿರವೇ ಇರುವುದರಿಂದ ಎರಡೂ ಕಡೆಯ ಹುಡುಗರು ಬರುತ್ತಾರೆ. ಮಳೆ ಜೋರಿದ್ದಾಗ ನೀರಿನ ಸದ್ದು ದಾರಿ ತೋರಿಸುತ್ತದೆ. ಹರೆಯದವರಿಗೆ, ಕಾಲು ಗಟ್ಟಿ ಇದ್ದವರಿಗೆ ಇದು ಹಿಡಿಸುತ್ತದೆ. ಆದರೆ ಒಬ್ಬರೇ ಹೋಗಬೇಡಿ, ಮೊಬೈಲ್ ಸಿಗ್ನಲ್ ನಂಬಬೇಡಿ, ಮಧ್ಯಾಹ್ನ ಮೂರರ ಮೇಲೆ ಇಳಿಯಬೇಡಿ. ನಮ್ಮ ಕಡೆ ಆಗಸ್ಟ್, ಸೆಪ್ಟೆಂಬರಿನ ಮಳೆ ಹೆಚ್ಚಾಗಿ ಇಳಿಹೊತ್ತಿನಲ್ಲಿ ಗುಡುಗಿನೊಂದಿಗೆ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಇಳಿದು ಮಧ್ಯಾಹ್ನದೊಳಗೆ ಮೇಲೆ ಬಂದು ಬುತ್ತಿ ಬಿಚ್ಚುವುದು ಸರಿಯಾದ ಕ್ರಮ.

ಯಾದಗಿರಿ ಜಿಲ್ಲೆಯದೇ ಮೂರನೆಯದೊಂದನ್ನು ಮಂದಿ ಈ ಪಟ್ಟಿಗೆ ಸೇರಿಸುತ್ತಾರೆ, ನಾರಾಯಣಪುರದ ಹತ್ತಿರದ ಛಾಯಾ ಭಗವತಿ. ಅದು ಕೃಷ್ಣಾ ನದಿ. ಅಲ್ಲಿನ ನೀರು ನಿಮ್ಮೂರಿನ ಮಳೆಯ ಮಾತು ಕೇಳುವುದಿಲ್ಲ, ಬಸವಸಾಗರ ಜಲಾಶಯದ ಗೇಟು ತೆರೆದರೆ ಬರುತ್ತದೆ. ಹೊಳೆ ತುಂಬಿದಾಗ ಗುಡಿಯೇ ಮುಳುಗುತ್ತದೆ. ದೂರದಿಂದ ನೋಡಿ ಕೈಮುಗಿದು ಬರುವ ಜಾಗ, ಚಾರಣದ ಲೆಕ್ಕಕ್ಕೆ ಬರುವುದಿಲ್ಲ.

ಬೀದರ್: ನೀರು ಬೀಳುವುದಿಲ್ಲ, ಒಳಗೇ ಹರಿಯುತ್ತದೆ

ಜಲಪಾತದ ಪಟ್ಟಿಯಲ್ಲಿ ಬೀದರ್ ಯಾಕೆ ಎಂದು ಕೇಳುವಿರಿ. ಗವಿ, ಒರತೆ, ನೆಲದೊಳಗೆ ನಡೆಯುವ ನೀರು, ಇವೆಲ್ಲ ಕಾರ್ಸ್ಟ್ ನೆಲದ ಸೆಳೆತ. ಅದನ್ನು ಯಾಣಕ್ಕೆ ಹೋಗದೆ ಅನುಭವಿಸಲು ನಮ್ಮ ಕಡೆ ಇರುವ ಜಾಗವೆಂದರೆ ಬೀದರ್. ಇಲ್ಲಿ ಸುಣ್ಣಗಲ್ಲು ಕರಗಿದ್ದಲ್ಲ. ಜಂಬಿಟ್ಟಿಗೆಯ ತೂತು ಬಿರುಕುಗಳಲ್ಲಿ ನೀರು ದಾರಿ ಮಾಡಿಕೊಂಡದ್ದು. ನೋಡಲು ಒಂದೇ ರೀತಿ, ಹುಟ್ಟು ಬೇರೆ.

ನಗರದ ಅಂಚಿನಲ್ಲೇ ಇರುವ ಝರಣಿ ನರಸಿಂಹ ಗವಿಯಲ್ಲಿ ಸುಮಾರು 300 ಮೀಟರ್ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಬೇಕು. ನೀರು ಎದೆಮಟ್ಟ. ಚಾವಣಿಯಲ್ಲಿ ಬಾವಲಿಗಳು, ಮುಂದೆ ಹೋಗುತ್ತಿರುವವರ ‘ಗೋವಿಂದ ಗೋವಿಂದ’ ಧ್ವನಿ. ಜಲಾಸುರನೆಂಬ ರಾಕ್ಷಸನನ್ನು ನರಸಿಂಹ ಕೊಂದಾಗ ಅವನೇ ನೀರಾಗಿ ದೇವರ ಪಾದದಡಿ ಹರಿಯುತ್ತಿದ್ದಾನೆ ಎಂಬುದು ಸ್ಥಳಪುರಾಣ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದೆಯರು ನಡೆಯುವುದನ್ನು ಅಲ್ಲಿ ನೋಡಬಹುದು. ಉಸಿರಿನ ತೊಂದರೆ ಇರುವವರು, ಇಕ್ಕಟ್ಟಿನಲ್ಲಿ ಗಾಬರಿಯಾಗುವವರು, ಬಸುರಿಯರು ಹೊರಗೇ ಕೈಮುಗಿಯುವುದು ಒಳ್ಳೆಯದು. ಹಬ್ಬದ ದಿನ ಒಳಗೆ ಮಂದಿ ಹೆಚ್ಚು, ಗಾಳಿ ಕಡಿಮೆ. ಗವಿಯನ್ನು ಆಗಾಗ ಮುಚ್ಚುವುದೂ ಉಂಟು, ಬೀದರಿನಲ್ಲಿ ಪರಿಚಯದವರಿದ್ದರೆ ಕೇಳಿಕೊಂಡೇ ಹೊರಡಿ.

ಅದೇ ದಿನ ಸಿಖ್ಖರ ಗುರುದ್ವಾರ ನಾನಕ್ ಝೀರಾ ನೋಡಬಹುದು. ಜಂಬಿಟ್ಟಿಗೆ ಬಂಡೆಯಿಂದ ಚಿಮ್ಮಿದ ಒರತೆ ಅಲ್ಲಿ ಇಂದಿಗೂ ಹರಿಯುತ್ತಿದೆ, ಬಂದವರಿಗೆಲ್ಲ ಲಂಗರ್ ಊಟವಿದೆ. ಪಾಪನಾಶ ಗುಡಿಯ ಬಳಿಯೂ ಒರತೆಯಿದೆ. ನೌಬಾದಿನ ಕಾರೇಜ್ ಈ ಮೂರನ್ನೂ ಅರ್ಥಮಾಡಿಸುವ ಜಾಗ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆ ತಂದು, ಜಂಬಿಟ್ಟಿಗೆ ಮತ್ತು ಕರಿಗಲ್ಲು ಕೂಡುವ ಮಟ್ಟದಲ್ಲಿ ಸುರಂಗ ತೋಡಿ ನೀರನ್ನು ಮೈಲುಗಟ್ಟಲೆ ನಡೆಸಿದರು. ಸಾಲಾಗಿ ಗಾಳಿಬಾವಿಗಳು. ಪಂಪು, ಕರೆಂಟು ಯಾವುದೂ ಇಲ್ಲದೆ ಬರೀ ಇಳಿಜಾರಿನ ಲೆಕ್ಕ. ಕಲ್ಲಿನ ಗುಣ ಅರಿತವರು ಅದರಿಂದ ಊರಿಗೆ ನೀರು ಕುಡಿಸಿದ ಈ ಕೆಲಸದ ಮುಂದೆ ನಿಂತಾಗ ನನಗೆ ಯಾವ ಜಲಪಾತದ ಮುಂದೆಯೂ ಆಗದಷ್ಟು ಗೌರವ ಮೂಡುತ್ತದೆ.

ಬೀದರಿನ ದೊಡ್ಡ ಅನುಕೂಲವೆಂದರೆ ಮಳೆಗಾಲ ಮುಗಿದ ಮೇಲೂ ಹೋಗಬಹುದು. ಕಲಬುರಗಿಯಿಂದ 2017ರಿಂದ ರೈಲಿದೆ, ಗಾಡಿ ಇಲ್ಲದವರು ಬೆಳಿಗ್ಗೆ ಹೋಗಿ ರಾತ್ರಿ ವಾಪಸಾಗಬಹುದು.

ಯಾಣ ಮತ್ತು ವಿಭೂತಿ: ಸುಣ್ಣಗಲ್ಲಿನ ಕಾಡು ಬೇಕೇ ಬೇಕು ಎನ್ನುವವರಿಗೆ

‘ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನ’ ಎಂಬ ಗಾದೆ ಹುಟ್ಟಿದ್ದು ಯಾಣಕ್ಕೆ ರಸ್ತೆ ಇಲ್ಲದ ಕಾಲದಲ್ಲಿ. ಈಗ ಗಾಡಿ ಹತ್ತಿರದವರೆಗೆ ಹೋಗುತ್ತದೆ, ಅಲ್ಲಿಂದ ಕಾಡಿನ ನಡುವೆ ಸ್ವಲ್ಪ ದೂರ ನಡಿಗೆ, ಮೆಟ್ಟಿಲು. ನಮಗೆ ಮಾತ್ರ ದೂರ ಇನ್ನೂ ದೂರವೇ. ವಿಜಯಪುರ, ಹುಬ್ಬಳ್ಳಿ, ಶಿರಸಿ ದಾಟಿ ಐನೂರು ಕಿ.ಮೀ. ಹತ್ತಿರವಾಗುತ್ತದೆ. ಎರಡು ರಾತ್ರಿ ಇಟ್ಟುಕೊಳ್ಳದೆ ಹೊರಡಬೇಡಿ.

ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಸುಣ್ಣಗಲ್ಲು ಕಾಡಿನ ನಡುವೆ ನೆಟ್ಟಗೆ ಎದ್ದು ನಿಂತಿದೆ. ಬಂಡೆಯ ಸೀಳಿನೊಳಗೆ ನಡೆದುಹೋಗಬಹುದು, ಮೇಲೆ ನೋಡಿದರೆ ಆಕಾಶ ಒಂದು ಗೀಟು. ಗವಿಯ ಲಿಂಗದ ಮೇಲೆ ಕಲ್ಲಿನಿಂದ ಒಸರಿದ ನೀರು ತೊಟ್ಟಿಕ್ಕುತ್ತಿರುತ್ತದೆ. ಗೋಡೆಗೆ ಕೈ ಹಚ್ಚಿ ನೋಡಿ. ದೂರದಿಂದ ನುಣ್ಣಗೆ ಕಾಣುವ ಕಲ್ಲು ಹತ್ತಿರದಲ್ಲಿ ಗೀರು ಗೀರು, ಅಂಚು ಚಾಕುವಿನಂತೆ ಹರಿತ. ನೀರು ಕಲ್ಲನ್ನು ಕರಗಿಸುತ್ತ ಇಳಿದ ದಾರಿಗಳವು. ಅಂಗೈಯಲ್ಲಿ ಆ ಗೀರುಗಳ ಮೇಲೆ ಸವರಿದರೆ ಕಾರ್ಸ್ಟ್ ಎಂದರೇನು ಎಂಬುದು ಯಾವ ಪಾಠಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಅಲ್ಲಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿ, ಅಂಕೋಲಾ ತಾಲೂಕಿನ ಮಾಬಗೆ ಹತ್ತಿರ ವಿಭೂತಿ ಜಲಪಾತ. ಬೂದುಬಿಳಿ ಸುಣ್ಣಗಲ್ಲಿನಿಂದಲೇ ಈ ಹೆಸರು ಬಂತು ಎನ್ನುತ್ತಾರೆ. ಭಸ್ಮಾಸುರನ ಕಥೆಯ ಯಾಣದ ಪಕ್ಕದಲ್ಲಿ ಹೆಸರು ಹೊಂದಿಕೊಂಡೂ ಬಿಟ್ಟಿದೆ. ಕಾಡಿನೊಳಗೆ ಒಂದು ಕಿ.ಮೀ. ಮೇಲ್ಪಟ್ಟು ನಡಿಗೆ, ನೆರಳು ತಪ್ಪುವುದೇ ಇಲ್ಲ. ನಮ್ಮ ಹಳ್ಳಗಳ ಕೆಂಪು ನೀರು ಕಂಡವರಿಗೆ ಅಲ್ಲಿನ ಹಸಿರು ತಿಳಿಯ ಮಡು ನಂಬಲಾಗುವುದಿಲ್ಲ.

ಯಾಣಕ್ಕೆ ಜುಲೈ, ಆಗಸ್ಟಿನಲ್ಲಿ ಹೋಗಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಜಲಪಾತಗಳಿಗೆ ಸರಿಹೊಂದುವ ಮಳೆಗಾಲ ಅಲ್ಲಿ ತಪ್ಪು ಕಾಲ. 2024ರ ಜುಲೈ 16ರಂದು ಅದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಆ ಮಳೆಯ ಅಂದಾಜು ಬಯಲುಸೀಮೆಯ ನಮಗೆ ಇರುವುದಿಲ್ಲ. ಸುಣ್ಣಗಲ್ಲಿನ ನೆಲದಲ್ಲಿ ಇನ್ನೊಂದು ತೊಡಕೂ ಇದೆ: ನೀರು ಒಳದಾರಿಯಿಂದ ಬರುವುದರಿಂದ ಹಳ್ಳ ಏರುವ ಸೂಚನೆ ಕಣ್ಣಿಗೆ ಬೀಳದೇ ಹೋಗಬಹುದು, ಮತ್ತು ಪಾಚಿ ಹಿಡಿದ ಸುಣ್ಣಗಲ್ಲಿನಷ್ಟು ಜಾರುವ ಕಲ್ಲು ಇನ್ನೊಂದಿಲ್ಲ. ದೀಪಾವಳಿ ಕಳೆದ ಮೇಲೆ, ನವೆಂಬರಿನಿಂದ ಜನವರಿ ತನಕ ಹೋಗಿ. ಇಂಬಳದ ಕಾಟ ಕಡಿಮೆ, ಮಡು ತಿಳಿ, ದಾರಿ ಒಣ. ಶಿಖರಗಳಲ್ಲಿ ಹೆಜ್ಜೇನು ಗೂಡುಗಳಿರುತ್ತವೆ. ಕೂಗಾಟ, ಹೊಗೆ, ಕಲ್ಲೆಸೆತ ಬೇಡವೇ ಬೇಡ.

ಗವಿಯೇ ಮುಖ್ಯ, ಜಲಪಾತ ಇಲ್ಲದಿದ್ದರೂ ನಡೆದೀತು ಎನ್ನುವವರು ಆಂಧ್ರದ ನಂದ್ಯಾಲ ಜಿಲ್ಲೆಯ ಬೆಲುಂ ಗವಿಗಳನ್ನು ನೋಡಬಹುದು. 3,229 ಮೀಟರ್ ಉದ್ದ, ಅತಿ ಆಳದಲ್ಲಿ ಪಾತಾಳಗಂಗೆ ಎಂಬ ಹರಿವು, ಅದು ಪ್ರವೇಶದ ಮಟ್ಟದಿಂದ 46 ಮೀಟರ್ ಕೆಳಗೆ. ಯಾವ ಋತುವಾದರೂ ಸರಿ. ಒಳಗೆ ಸೆಕೆ.

ಹಾಗಾದರೆ ನೀವು ಎಲ್ಲಿಗೆ?

ಭಾನುವಾರ ಒಂದೇ ದಿನ ಇದೆ, ನಡೆಯುವ ಆಸೆ ಇದೆ, ಜೊತೆಗೆ ನಾಲ್ಕೈದು ಗೆಳೆಯರಿದ್ದಾರೆ ಎಂದರೆ ಚಿಂಚೋಳಿ, ಎರಡನೇ ಯೋಚನೆ ಬೇಡ. ಕಾಡು, ಜಲಾಶಯ, ಜಲಪಾತ, ಎರಡು ಬಗೆಯ ಕಲ್ಲು ಒಂದೇ ದಿನದಲ್ಲಿ ಸಿಗುವುದು ಅಲ್ಲಿ ಮಾತ್ರ. ಮಳೆ ಕೈಕೊಟ್ಟು ಜಲಪಾತ ಸೊರಗಿದ್ದರೂ ಕಾಡಿನ ನಡಿಗೆ ದಂಡವಾಗುವುದಿಲ್ಲ, ಇದು ಗುರುಮಠಕಲ್‌ಗಿಂತ ಚಿಂಚೋಳಿಯ ಹೆಚ್ಚುಗಾರಿಕೆ.

ಮನೆಮಂದಿಯೆಲ್ಲ ಹೊರಟರೆ ಚಿಂತನಹಳ್ಳಿ. ಮಳೆಗಾಲ ದಾಟಿಹೋಗಿದ್ದರೆ, ಅಥವಾ ಆ ವರ್ಷ ಮಳೆಯೇ ಸರಿಯಾಗಿ ಆಗಿರದಿದ್ದರೆ ಬೀದರ್. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಿಗೂ ನಾನು ಬೀದರನ್ನೇ ಹೇಳುತ್ತೇನೆ, ಝರಣಿಯ ಒಳಗೆ ಇಳಿಸದೆ ಕಾರೇಜ್ ಮತ್ತು ಝೀರಾ ತೋರಿಸಿದರೆ ಸಾಕು. ನಜರಾಪುರ ಚಿಂಚೋಳಿಯನ್ನು ನೋಡಿ ಮುಗಿಸಿದವರಿಗೆ, ಎರಡನೇ ವರ್ಷಕ್ಕೆ.

ಯಾಣವನ್ನು ಚಳಿಗಾಲದ ರಜೆಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಚಿಂಚೋಳಿ, ಚಳಿಗಾಲದಲ್ಲಿ ಯಾಣ ನೋಡಿದವರಿಗೆ ಒಂದೇ ವರ್ಷದಲ್ಲಿ ಕರಿಗಲ್ಲು, ಜಂಬಿಟ್ಟಿಗೆ, ಸುಣ್ಣಗಲ್ಲು ಮೂರರ ಮೇಲೂ ನಡೆದ ಹಾಗಾಗುತ್ತದೆ.

ಎಲ್ಲಿಗೆ ಹೋದರೂ ಕೈಚೀಲದಲ್ಲಿ ಇರಬೇಕಾದವು ಕೆಲವೇ. ಹಿಡಿತ ಇರುವ ರಬ್ಬರ್ ಅಡಿಯ ಬೂಟು. ಚಪ್ಪಲಿ ಕರಿಗಲ್ಲಿನ ಮೇಲೂ ಸುಣ್ಣಗಲ್ಲಿನ ಮೇಲೂ ಜಾರುತ್ತದೆ. ಒಂದು ಉದ್ದ ಕೋಲು, ಹುಲ್ಲು ಬಡಿಯುತ್ತ ನಡೆದರೆ ಹಾವು ತಾನಾಗಿ ಸರಿದುಕೊಳ್ಳುತ್ತದೆ, ಹಳ್ಳದಲ್ಲಿ ಆಳವೂ ಗೊತ್ತಾಗುತ್ತದೆ. ಕುಡಿಯುವ ನೀರು ಮನೆಯಿಂದಲೇ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಬಟ್ಟೆಯಲ್ಲಿ ಕಟ್ಟಿದರೆ ಕಾಡಿನಲ್ಲಿ ಬಿಸಾಡಲು ಏನೂ ಉಳಿಯುವುದಿಲ್ಲ. ಎತ್ತಿಪೋತದ ಮಡುವಿನ ಬದಿಯಲ್ಲಿ ಬಿಯರ್ ಬಾಟಲಿ ಚೂರು, ಚಿಪ್ಸ್ ಚೀಟಿ ಕಂಡಾಗ ಹೊಟ್ಟೆ ಉರಿಯುತ್ತದೆ. ಬರಿಗಾಲಲ್ಲಿ ದನ ಕಾಯುವ ತಾಂಡಾದ ಮಕ್ಕಳು ಓಡಾಡುವ ಜಾಗ ಅದು. ಒಂದು ಖಾಲಿ ಚೀಲ ಜೊತೆಗಿಟ್ಟುಕೊಂಡು, ಬರುವಾಗ ನಿಮ್ಮದರ ಜೊತೆ ಇನ್ನೊಬ್ಬರು ಬಿಟ್ಟು ಹೋದದ್ದನ್ನೂ ತುಂಬಿಕೊಂಡು ಬನ್ನಿ.

ಹೊರಡುವ ಹಿಂದಿನ ರಾತ್ರಿ ಆ ತಾಲೂಕಿನ ಪರಿಚಯದವರಿಗೆ ಒಂದು ಫೋನ್ ಮಾಡಿ. ಮಳೆ ಯಾವಾಗ ಬಿತ್ತು, ಹಳ್ಳ ದಾಟಲು ಬರುತ್ತದೋ, ನೀರು ಕೆಂಪಿದೆಯೋ ತಿಳಿಯೋ, ಇಷ್ಟು ಕೇಳಿ. ನಿನ್ನೆ ರಾತ್ರಿ ಜೋರು ಬಿದ್ದಿದೆ ಎಂದರೆ ಚಿಂಚೋಳಿ, ನಜರಾಪುರ ಎರಡನ್ನೂ ಒಂದು ದಿನ ಮುಂದೂಡಿ. ಹತ್ತು ದಿನದಿಂದ ಹನಿ ಬಿದ್ದಿಲ್ಲ ಎಂದರೆ ಬೀದರ್ ರೈಲು ಹತ್ತಿ.